ವೃಂದಾವನ ಮತ್ತು ತಿಥಿ: ಅಗಲಿದವರ ಸ್ಮರಣೆಯ ಎರಡು ನೆಲೆಗಳು

ಪ್ರತಿವರ್ಷ ನವೆಂಬರ್ 2ರಂದು ಎಗ್ಮೋರಿಗೆ ಸಮೀಪದ ಕೀಲ್ಪಾಕ್‌ನ ಕ್ರೈಸ್ತ ರುದ್ರಭೂಮಿಯಲ್ಲಿ ಜನ ನೆರೆಯುತ್ತಾರೆ. ತಮಿಳರು ‘ಕಲ್ಲರೈ ತಿರುನಾಳ್’ ಎನ್ನುವ ಆ ದಿನ ಕುಟುಂಬದವರು ಹಿರಿಯರ ಸಮಾಧಿಗಳನ್ನು ಶುಚಿಗೊಳಿಸಿ, ಹೂವಿರಿಸಿ, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. ಅದೇ ನಗರದ ಮಾಧ್ವ ಗೃಹಸ್ಥನಿಗೆ ತಂದೆತಾಯಿಗಳ ಸಮಾಧಿಯೆಂಬುದಿಲ್ಲ. ದೇಹವು ಅಗ್ನಿಗೂ ಅಸ್ಥಿಯು ನೀರಿಗೂ ಸಂದ ಮೇಲೆ ಅವನ ಪಾಲಿಗೆ ಉಳಿಯುವುದು ಒಂದು ತಿಥಿ ಮಾತ್ರ.

ಯತಿಗಳ ವಿಷಯ ಬೇರೆ. ಅವರಿಗೆ ದಹನಸಂಸ್ಕಾರವಿಲ್ಲ, ಭೂಸ್ಥಾಪನೆಯಾದ ಎಡೆಯಲ್ಲಿ ಶಿಲಾವೃಂದಾವನ ಏಳುತ್ತದೆ. ಶ್ರೀರಾಘವೇಂದ್ರತೀರ್ಥರಂತೂ 1671ರ ಶ್ರಾವಣ ಬಹುಳ ದ್ವಿತೀಯೆಯಂದು ಮಂತ್ರಾಲಯದಲ್ಲಿ ಸಶರೀರರಾಗಿ ವೃಂದಾವನವನ್ನು ಪ್ರವೇಶಿಸಿದರೆಂಬುದು ಭಕ್ತರ ನಂಬುಗೆ. ಅವರ ಗುರುಗಳಾದ ಶ್ರೀಸುಧೀಂದ್ರತೀರ್ಥರ ವೃಂದಾವನ ಆನೆಗೊಂದಿಯ ನವವೃಂದಾವನದಲ್ಲಿದೆ. ಪರಮಗುರುಗಳಾದ ಶ್ರೀವಿಜಯೀಂದ್ರತೀರ್ಥರದು ಕುಂಭಕೋಣದ ಕಾವೇರೀತೀರದಲ್ಲಿದೆ. ಯತಿಗಳಿಗೆ ಸ್ಥಳವೂ ಉಂಟು, ಆರಾಧನೆಯ ತಿಥಿಯೂ ಉಂಟು.

1908ರ ಜೂನ್ 11ರಂದು ತೆರೆದ ಎಗ್ಮೋರ್ ನಿಲ್ದಾಣವು ಸೌತ್ ಇಂಡಿಯನ್ ರೈಲ್ವೆಯ ಮೀಟರ್ ಗೇಜ್ ಮಾರ್ಗಗಳಿಗೆ ಮದರಾಸಿನ ಹೆಬ್ಬಾಗಿಲಾಯಿತು. ವಿಲ್ಲುಪುರಂ, ಕಡಲೂರು, ಚಿದಂಬರ, ಮಾಯವರಂಗಳ ಮೂಲಕ ಕುಂಭಕೋಣಕ್ಕೆ ರೈಲು ಸಾಗುತ್ತಿತ್ತು. ಆ ಹಾದಿಯ ಬ್ರಾಡ್ ಗೇಜ್ ಪರಿವರ್ತನೆ ಮುಗಿದದ್ದು 2010ರಲ್ಲಿ. ಗೇಜು ಬದಲಾದರೂ ಯಾತ್ರೆಯ ಉದ್ದೇಶ ಬದಲಾಗಲಿಲ್ಲ.

ಆದರೆ ಶಿಲೆಯೂ ಅಭೇದ್ಯವಲ್ಲ. ತುಂಗಭದ್ರೆಯ ನಡುಗಡ್ಡೆಯಲ್ಲಿ 1539ರಿಂದ ಪೂಜೆಗೊಳ್ಳುತ್ತಿದ್ದ ಶ್ರೀವ್ಯಾಸರಾಜತೀರ್ಥರ ವೃಂದಾವನವನ್ನು 2019ರ ಜುಲೈ 17ರ ರಾತ್ರಿ ನಿಧಿಯಾಸೆಯ ದುಷ್ಕರ್ಮಿಗಳು ಕೆಡವಿದರು. ಸುದ್ದಿ ತಿಳಿದೊಡನೆ ವಿವಿಧ ಮಠಗಳ ಯತಿಗಳೂ ಭಕ್ತರೂ ಧಾವಿಸಿ, ಕೆಲವೇ ದಿನಗಳಲ್ಲಿ ಅದನ್ನು ಪುನಃ ನಿಲ್ಲಿಸಿದರು. ಆ ಸ್ಥಳ ಯಾರದು, ಅಲ್ಲಿ ಏನಿತ್ತು ಎಂಬುದನ್ನು ಸಾವಿರಾರು ಮಂದಿ ಬಲ್ಲವರಾಗಿದ್ದುದರಿಂದಲೇ ಅದು ಸಾಧ್ಯವಾಯಿತು.

ಗೃಹಸ್ಥರ ತಿಥಿಗೆ ಅಂತಹ ಸಾಕ್ಷಿಗಳಿಲ್ಲ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜರನ್ನು ವಸು, ರುದ್ರ, ಆದಿತ್ಯರೂಪರೆಂದೂ, ಅವರ ಅಂತರ್ಯಾಮಿಗಳನ್ನು ಪ್ರದ್ಯುಮ್ನ, ಸಂಕರ್ಷಣ, ವಾಸುದೇವರೆಂದೂ ಸ್ಮರಿಸುತ್ತಾರೆ. ಹೆಸರು, ಗೋತ್ರ, ಮಾಸ, ಪಕ್ಷ, ತಿಥಿ ಇವಿಷ್ಟೇ ಆಧಾರ. ಮರಣ ಪ್ರಮಾಣಪತ್ರದಲ್ಲಿ ತಾರೀಖು ಇರುತ್ತದೆ, ತಿಥಿ ಇರುವುದಿಲ್ಲ. ತಿಥಿಯು ದಿನದ ಯಾವ ಹೊತ್ತಿನಲ್ಲಾದರೂ ಬದಲಾಗಬಹುದಾದ್ದರಿಂದ ತಾರೀಖಿನೊಡನೆ ವೇಳೆಯೂ ಬೇಕು. ಮದರಾಸಿನ ಗೋಡೆಯ ಕ್ಯಾಲೆಂಡರುಗಳು ತಮಿಳು ಸೌರಮಾಸಗಳನ್ನು ತೋರಿಸುವುದರಿಂದ ಚಾಂದ್ರಮಾನವನ್ನು ಅನುಸರಿಸುವ ಮನೆಗಳಲ್ಲಿ ಮಾಸವೇ ತಪ್ಪುವ ಸಂಭವವುಂಟು.

ತಿಥಿ ತಿಳಿಯದವರಿಗಾಗಿ ಮಹಾಲಯ ಅಮಾವಾಸ್ಯೆಯಿದೆ. ಶಾಸ್ತ್ರದ ಕರುಣೆ ಅಷ್ಟು ದೊಡ್ಡದು. ಆದರೆ ತಿಳಿದವರಿರುವಾಗಲೇ ಕೇಳಿ ಬರೆದಿಡದೆ ಮರೆಯುವುದಕ್ಕೆ ಅದು ಅನುಮತಿಯಲ್ಲ. ಮನೆಯ ಹಿರಿಯರೊಡನೆ ಕುಳಿತು ಮೂರು ತಲೆಮಾರಿನ ವಿವರಗಳನ್ನು ಒಂದು ಪುಸ್ತಕದಲ್ಲಿ ಬರೆದು ದೇವರ ಮನೆಯಲ್ಲಿಟ್ಟರೆ, ದೂರದೇಶದಲ್ಲಿರುವ ಮಕ್ಕಳಿಗೂ ಅದೇ ಪಿತೃಗಳ ನೆಲೆಯಾದೀತು. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಬಹುದು; ಮರೆತ ತಿಥಿಯನ್ನು ಯಾರಲ್ಲಿ ಕೇಳುವುದು?