ಕುಸಿದ ನೆಲ, ಬೆಳೆದ ಪಟ್ಟಣ: ಹಾಲೆಂಡಿನ ನಗರೀಕರಣ

ನಗರೀಕರಣವು ಹಳ್ಳಿಯಿಂದ ಮಹಾನಗರದತ್ತ ಹಿಂತಿರುಗದೆ ಸಾಗುವ ಪಯಣವೆಂಬ ಗ್ರಹಿಕೆ ಸಾಮಾನ್ಯವಾಗಿದೆ. ನೆದರ್‌ಲೆಂಡ್ಸ್ ದೇಶದ ಪಶ್ಚಿಮ ಭಾಗವಾದ ಹಾಲೆಂಡಿನ ಇತಿಹಾಸವು ಇದನ್ನು ಪ್ರಶ್ನಿಸುತ್ತದೆ.

ಹಾಲೆಂಡಿನ ಬಹುಭಾಗ ಸಸ್ಯಾವಶೇಷಗಳು ಕೊಳೆತು ಶೇಖರವಾದ ಜೌಗು ಪ್ರದೇಶ. ಮಧ್ಯಯುಗದ ರೈತರು ಕಾಲುವೆ ತೋಡಿ, ನೀರು ಬಸಿದು, ಅಲ್ಲಿ ಧಾನ್ಯ ಬೆಳೆದರು. ಆದರೆ ನೀರು ಬಸಿದಂತೆಲ್ಲ ಮಣ್ಣು ಒಣಗಿ, ಕ್ಷಯಿಸಿ, ನೆಲವೇ ತಗ್ಗತೊಡಗಿತು. ತಗ್ಗಿದ ಹೊಲಗಳಲ್ಲಿ ಮತ್ತೆ ನೀರು ನಿಂತು, ಅವು ರೊಟ್ಟಿಯ ಧಾನ್ಯಕ್ಕೆ ಒಗ್ಗದಾದವು. ರೈತರು ಹೈನುಗಾರಿಕೆಗೆ ತಿರುಗಿದರು. ಅದಕ್ಕೆ ಹೆಚ್ಚು ಆಳುಗಳು ಬೇಕಿರಲಿಲ್ಲ; ಕೆಲಸವಿಲ್ಲದವರು ಮೀನುಗಾರಿಕೆ, ನೌಕಾಯಾನ, ನೇಯ್ಗೆಗಳನ್ನು ಅರಸಿ ಪಟ್ಟಣ ಸೇರಿದರು. ಅವರಿಗೆ ಬೇಕಾದ ಧಾನ್ಯ ಬಾಲ್ಟಿಕ್ ತೀರದಿಂದ ಹಡಗುಗಳಲ್ಲಿ ಬಂತು. 1514ರಲ್ಲಿ ತೆರಿಗೆಗಾಗಿ ನಡೆದ ವಿಚಾರಣೆಯ ದಾಖಲೆಗಳ ಪ್ರಕಾರ, ಪ್ರಾಂತದ ಹೆಚ್ಚುಕಡಿಮೆ ಅರ್ಧದಷ್ಟು ಜನ ಪಟ್ಟಣವಾಸಿಗಳಾಗಿದ್ದರು. ಅವರೆಲ್ಲ ಒಂದೇ ಮಹಾನಗರದಲ್ಲಿರದೆ ಹಲವು ಸಣ್ಣ ಪಟ್ಟಣಗಳಲ್ಲಿ ಹಂಚಿಹೋಗಿದ್ದರು ಎಂಬುದು ಇಲ್ಲಿನ ವೈಶಿಷ್ಟ್ಯ.

1585ರಲ್ಲಿ ಆಂಟ್‌ವರ್ಪ್ ಸ್ಪೇನಿನ ಸೇನೆಯ ವಶವಾದಾಗ ಅಲ್ಲಿನ ವರ್ತಕರೂ ಕುಶಲಕರ್ಮಿಗಳೂ ಉತ್ತರಕ್ಕೆ ವಲಸೆ ಬಂದರು. 1613ರಲ್ಲಿ ಆಮ್‌ಸ್ಟರ್‌ಡ್ಯಾಮ್ ತನ್ನ ಪ್ರಸಿದ್ಧ ಕಾಲುವೆ ವರ್ತುಲಗಳ ನಿರ್ಮಾಣಕ್ಕೆ ತೊಡಗಿತು. ಶತಮಾನದ ಕೊನೆಗೆ ಅಲ್ಲಿನ ಜನಸಂಖ್ಯೆ ಸುಮಾರು 2 ಲಕ್ಷ ಮುಟ್ಟಿತ್ತು.

ಅನಂತರದ್ದು ಇಳಿಮುಖದ ಕಥೆ. ನೆರೆದೇಶಗಳ ಸುಂಕದ ಗೋಡೆಗಳು, ಅಗ್ಗದ ಕೂಲಿಯ ಪೈಪೋಟಿಗಳು ಇಲ್ಲಿನ ಕೈಗಾರಿಕೆಗಳನ್ನು ಕುಗ್ಗಿಸಿದವು. ಉಣ್ಣೆಬಟ್ಟೆಗೆ ಹೆಸರಾದ ಲೈಡನ್ನಿನಲ್ಲಿ 1670ರ ಸುಮಾರಿಗೆ 60 ಸಾವಿರ ಮೀರಿದ್ದ ಜನಸಂಖ್ಯೆ 1800ರ ಹೊತ್ತಿಗೆ ಸುಮಾರು 30 ಸಾವಿರಕ್ಕೆ ಇಳಿಯಿತು. ಹೆರಿಂಗ್ ಮೀನಿನ ಬಂದರಾದ ಎಂಕ್‌ಹೌಜನ್ ಪಟ್ಟಣದ ಸ್ಥಿತಿ ಇನ್ನೂ ಶೋಚನೀಯವಾಗಿತ್ತು. ಪಾಳುಬಿದ್ದ ಎಷ್ಟೋ ಮನೆಗಳನ್ನು ಅಲ್ಲಿ ಕೆಡವಲಾಯಿತು. ಯುರೋಪಿನಲ್ಲೇ ಅತ್ಯಂತ ನಗರೀಕೃತವಾಗಿದ್ದ ನಾಡು, ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳು ಉಬ್ಬುತ್ತಿದ್ದ ಕಾಲದಲ್ಲಿಯೇ ನಗರವಾಸಿಗಳನ್ನು ಕಳೆದುಕೊಳ್ಳುತ್ತಿತ್ತು.

1839ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ಹಾರ್ಲೆಮ್ ನಡುವೆ ದೇಶದ ಮೊದಲ ರೈಲು ಓಡಿದರೂ, ನಗರಗಳು ಮತ್ತೆ ವೇಗವಾಗಿ ಬೆಳೆದದ್ದು ಆ ಶತಮಾನದ ಉತ್ತರಾರ್ಧದಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ನೀರಿನಿಂದ ಹೊಸ ನೆಲವನ್ನೇ ಪಡೆಯಲಾಯಿತು. ಅಂಥ ನೆಲದ ಮೇಲೆ 1976ರಲ್ಲಿ ಮೊದಲ ನಿವಾಸಿಗಳನ್ನು ಕಂಡ ಅಲ್ಮೇರೆಯಲ್ಲಿ ಇಂದು 2 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ.

ಹೀಗೆ ಹಾಲೆಂಡಿನ ಪಟ್ಟಣಗಳ ಮೂಲದಲ್ಲಿರುವುದು ಸಮೃದ್ಧಿಯಷ್ಟೇ ಅಲ್ಲ, ಹೊಲಗಳ ನಷ್ಟವೂ ಹೌದು. ಅಲ್ಲಿನ ಜೌಗು ನೆಲ ಇಂದಿಗೂ ತಗ್ಗುತ್ತಿದೆ, ನೀರೆತ್ತುವ ಯಂತ್ರಗಳು ಇಂದಿಗೂ ದುಡಿಯುತ್ತಿವೆ. ನಗರದ ಚರಿತ್ರೆಯನ್ನು ಬರೆಯುವವರು ಅದರ ಬೀದಿಗಳ ಜೊತೆಗೆ ಅದರ ಅಡಿಯ ಮಣ್ಣನ್ನೂ ಓದಬೇಕಾಗುತ್ತದೆ.