ಶಿವಮೊಗ್ಗ – ಬೆಂಗಳೂರು ವಿಮಾನ: ದೂರ ಎಷ್ಟು, ನಿಜವಾಗಿ ಹಿಡಿಯುವ ಸಮಯ ಎಷ್ಟು?

ಶಿವಮೊಗ್ಗ ಮತ್ತು ಭದ್ರಾವತಿಯ ಕುಟುಂಬಗಳು ಮದುವೆ, ಆಸ್ಪತ್ರೆ, ಮಕ್ಕಳ ಓದು ಎಂದು ಬೆಂಗಳೂರಿಗೆ ಓಡಾಡುವುದು ಸಾಮಾನ್ಯ. ವಿಮಾನ ಬಂದ ಮೇಲೆ "ಒಂದು ಗಂಟೆಯಲ್ಲಿ ಹೋಗಿಬಿಡಬಹುದು" ಎಂಬ ಮಾತು ಎಲ್ಲರ ಬಾಯಲ್ಲಿದೆ. ಆ ಲೆಕ್ಕ ಎಷ್ಟು ಸರಿ ಎಂಬುದನ್ನು ಇಲ್ಲಿ ಕೊಟ್ಟಿದ್ದೇವೆ.

ನಿಲ್ದಾಣದ ವಿವರ

ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವನ್ನು 2023ರ ಫೆಬ್ರವರಿ 27ರಂದು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದರು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಅದೇ ವರ್ಷ ಆಗಸ್ಟ್ 31ರಂದು. ಇಲ್ಲಿನ ರನ್‌ವೇ ಉದ್ದ 3,200 ಮೀಟರ್.

ದೂರ

ಸೋಗಾನೆಯಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶಮಾರ್ಗದ ನೇರ ದೂರ ಸುಮಾರು 240 ಕಿ.ಮೀ. ತರೀಕೆರೆ, ಕಡೂರು, ಅರಸೀಕೆರೆ, ತುಮಕೂರು ಮಾರ್ಗದ ರಸ್ತೆಯಲ್ಲಿ ಬೆಂಗಳೂರು ಸುಮಾರು 300 ಕಿ.ಮೀ. ಮೊದಲು ಬಂದ ಎಟಿಆರ್ ವಿಮಾನ ರೆಕ್ಕೆಯಲ್ಲಿ ಪಂಖ ಇರುವಂಥದ್ದು, ವೇಗ ಗಂಟೆಗೆ ಸುಮಾರು 500 ಕಿ.ಮೀ. ಏರುವುದು, ಇಳಿಯುವುದು, ನೆಲದ ಮೇಲೆ ಸಾಗುವುದು ಸೇರಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ ಬೇಕು.

ಮನೆಯಿಂದ ಮನೆಗೆ (ಆಲ್ಕೊಳ – ಜಯನಗರ, ಅಂದಾಜು)

ವಿಮಾನ: ಸೋಗಾನೆಗೆ 40 ನಿಮಿಷ, ಅಲ್ಲಿ ತಪಾಸಣೆ ಮತ್ತು ಕಾಯುವುದು 80 ನಿಮಿಷ, ಹಾರಾಟ 70 ನಿಮಿಷ, ಲಗೇಜು 20 ನಿಮಿಷ, ದೇವನಹಳ್ಳಿಯಿಂದ ಜಯನಗರ 90 ನಿಮಿಷ. ಒಟ್ಟು 5 ಗಂಟೆ.
ಜನಶತಾಬ್ದಿ ರೈಲು: ಎರಡೂ ಕಡೆಯ ಓಡಾಟ ಸೇರಿ ಸುಮಾರು 6 ಗಂಟೆ.
ಕಾರು: ಸುಮಾರು 6 ಗಂಟೆ.

ಅಂದರೆ ಉಳಿತಾಯ ಒಂದೇ ಗಂಟೆ. ಲಂಡನ್ – ಪ್ಯಾರಿಸ್ ನಿಲ್ದಾಣಗಳ ನಡುವೆ ಸುಮಾರು 350 ಕಿ.ಮೀ. ಇದೆ, ಅಲ್ಲಿಯೂ ಊರ ಮಧ್ಯದಿಂದ ಊರ ಮಧ್ಯಕ್ಕೆ ಹೋಗುವವರು ಎರಡೂಕಾಲು ಗಂಟೆಯ ರೈಲನ್ನೇ ಹೆಚ್ಚಾಗಿ ಹಿಡಿಯುತ್ತಾರೆ.

ನಮ್ಮ ಅನುಭವ

ನಮ್ಮ ಭಾವನವರು ಜಯನಗರದಲ್ಲಿ ತೀರಿಕೊಂಡ ಸುದ್ದಿ ಬೆಳಿಗ್ಗೆ ಆರಕ್ಕೆ ಬಂತು. ವಿಮಾನ ಇದೆಯಲ್ಲ ಎಂದು ಹನ್ನೊಂದೂವರೆಯ ವಿಮಾನಕ್ಕೆ ಟಿಕೆಟ್ ಮಾಡಿಸಿದೆವು. ವಿಮಾನ ಸರಿಯಾದ ಸಮಯಕ್ಕೇ ಹೋಯಿತು. ಆದರೂ ಮನೆ ಮುಟ್ಟುವಾಗ ಎರಡೂವರೆ, ಸಂಸ್ಕಾರ ಒಂದು ಗಂಟೆಗೇ ಮುಗಿದಿತ್ತು. ಆರೂವರೆಗೆ ಕಾರಿನಲ್ಲಿ ಹೊರಟಿದ್ದರೆ ನನ್ನ ಹೆಂಡತಿಗೆ ಅಣ್ಣನ ಮುಖ ಸಿಗುತ್ತಿತ್ತು. ತಪ್ಪು ನನ್ನ ಲೆಕ್ಕದ್ದು. ಹಾರುವ ಸಮಯ ನೋಡಿದೆ, ಹೊರಡುವ ಸಮಯ ನೋಡಲಿಲ್ಲ.

ಯಾರಿಗೆ ವಿಮಾನ ಅನುಕೂಲ?

ದೇವನಹಳ್ಳಿಯಿಂದ ದೆಹಲಿಗೋ ವಿದೇಶಕ್ಕೋ ಮುಂದಿನ ವಿಮಾನ ಹಿಡಿಯುವವರಿಗೆ, ಯಲಹಂಕ–ಹೆಬ್ಬಾಳ ಕಡೆಯವರಿಗೆ, ಹೆಚ್ಚು ಹೊತ್ತು ಕೂರಲಾಗದ ಹಿರಿಯರಿಗೆ ಒಳ್ಳೆಯದು. ಹೊರಗಿನಿಂದ ಹೊಂಬುಜ ಕ್ಷೇತ್ರಕ್ಕೆ ಬರುವವರು ಸೋಗಾನೆಯಲ್ಲಿ ಇಳಿದು, ಆಯನೂರು, ರಿಪ್ಪನ್‌ಪೇಟೆ ಮಾರ್ಗವಾಗಿ ಹೋಗಬಹುದು. ರಸ್ತೆಗೆ ಎರಡು ಗಂಟೆ ಇಟ್ಟುಕೊಳ್ಳಿ.

ಗಮನಿಸಿ

ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹಿಂದಿನ ದಿನವೇ ವಿಚಾರಿಸಿ. ಮಳೆಗಾಲದಲ್ಲಿ ಮೋಡ ಕವಿದರೆ ವಿಮಾನ ತಡವಾಗಬಹುದು. ಮುಂದಿನ ವಿಮಾನಕ್ಕೆ ಕನಿಷ್ಠ ನಾಲ್ಕು ಗಂಟೆ ಅಂತರ ಇರಲಿ. ಮೂಲ ಗುರುತಿನ ಚೀಟಿ ಮರೆಯಬೇಡಿ. ತುರ್ತು ಇದ್ದಾಗ ಸುದ್ದಿ ಬಂದ ಗಳಿಗೆಯಿಂದ ಲೆಕ್ಕ ಹಾಕಿ, ಯಾವುದು ಮೊದಲು ಹೊರಡುತ್ತದೋ ಅದನ್ನು ಮೊದಲು ವಿಚಾರಿಸಿ.