ಓವನ್‌ನ ಶಾಖದೋಷ
ಮನೆಯ ವಿದ್ಯುತ್ ಓವನ್ ಬೇಕಾದ ಶಾಖಕ್ಕೆ ಏರದಿದ್ದರೆ ಬಿಡಿಭಾಗ ಬದಲಿಸುವ ಮೊದಲು ಅಳೆದು ನೋಡಬೇಕು. ಗುಂಡಿ 180 ಡಿಗ್ರಿ ಸೆಲ್ಸಿಯಸ್ ತೋರಿಸಿದರೂ ಥರ್ಮೋಸ್ಟಾಟ್ ಕಾಯಿಸುವ ರಾಡ್‌ಗಳನ್ನು ಆಗಾಗ ಆರಿಸಿ ಹೊತ್ತಿಸುವುದರಿಂದ ಒಳಗಿನ ಶಾಖ ಆ ಅಂಕಿಯ ಆಚೀಚೆ ಏರಿಳಿಯುತ್ತಿರುತ್ತದೆ. ಹಾಗಾಗಿ ಓವನ್ ಥರ್ಮಾಮೀಟರನ್ನು ನಡುವಿನ ಜಾಲರಿಯ ಮೇಲಿಟ್ಟು, ಅರ್ಧ ಗಂಟೆ ಕಾಯಿಸಿ, ಹಲವು ಬಾರಿ ನೋಡಿ ಸರಾಸರಿ ತೆಗೆಯುವುದೇ ಸರಿಯಾದ ಕ್ರಮ. ಸರಾಸರಿ ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ತಗ್ಗಿದ್ದರೆ ಗುಂಡಿಯನ್ನು ಅಷ್ಟು ಮುಂದಕ್ಕೆ ತಿರುಗಿಸಿದರೆ ಸಾಕು. ಎರಡೂ ರಾಡ್‌ಗಳನ್ನು ಆಯ್ದುಕೊಂಡಿದ್ದರೂ ಒಂದು ಕಪ್ಪಾಗಿ ತಣ್ಣಗೇ ಉಳಿದರೆ ಅದು ಸುಟ್ಟಿರಬಹುದು, ಇಲ್ಲವೇ ಅದಕ್ಕೆ ಕರೆಂಟ್ ತಲುಪುತ್ತಿರಲಿಕ್ಕಿಲ್ಲ. ಅದನ್ನು ಸರಿಪಡಿಸುವ ಕೆಲಸ ರಿಪೇರಿ ಬಲ್ಲವರದು.

ಕೇಕ್ ನಡುವೆ ಹಸಿಯಾಗಿ ಉಳಿಯುವುದೇ ಶಾಖ ಸಾಲದೆನ್ನಲು ಸಾಕಷ್ಟು ಪುರಾವೆಯಲ್ಲವೇ ಎನ್ನಬಹುದು. ಆದರೆ ಶಾಖ ಹೆಚ್ಚಾಗಿ ಮೇಲ್ಭಾಗ ಬೇಗ ಕಂದಿದಾಗಲೂ ಕೇಕ್‌ನ ಒಡಲು ಬೇಯದೆ ಉಳಿಯುತ್ತದೆ. ಆದ್ದರಿಂದ ಕೇಕ್‌ಗಿಂತ ಥರ್ಮಾಮೀಟರಿನ ಸಾಕ್ಷ್ಯವೇ ನಂಬಲರ್ಹ.